ಚಿತ್ತಯ್ಯನ ಬಾಂಬೆ ಕಾಳು

ಚಿತ್ರದುರ್ಗದಲ್ಲಿ ಹಕ್ಕಿ ಸಾಕುವ ಗೀಳು ಹತ್ತಿದವರಿಗೆಲ್ಲ ಚಿತ್ತಯ್ಯನ ಅಂಗಡಿ ಗೊತ್ತು. ಸಂತೆಹೊಂಡದ ಹಿಂದಿನ ಗಲ್ಲಿಯಲ್ಲಿ, ಸೈಕಲ್ ರಿಪೇರಿಯವನಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಿರುವ ಆ ಅಂಗಡಿ ಒಂದು ಬಾಗಿಲಿನಷ್ಟು ಅಗಲ. ಅಲ್ಲಿ ಬಾಯಿ ಮುಚ್ಚಿದ ಪೊಟ್ಟಣವನ್ನೇ ಕೊಂಡರೂ ಚಿತ್ತಯ್ಯ ಸುಮ್ಮನೆ ಕಳಿಸುವುದಿಲ್ಲ. ಪಕ್ಕದ ಮೂಟೆಗೆ ಕೈಯಿಟ್ಟು ಒಂದು ಹಿಡಿ ಕಾಳು ತೆಗೆದು, ಕಾಗದದಲ್ಲಿ ಸುತ್ತಿ, ಮೇಲೊಂದು ಕೊಸರು ಅಂತ ಕೊಡುತ್ತಾನೆ. ಹೊಸಬರು ಯಾರಾದರೂ "ಇದಕ್ಕೆಷ್ಟು?" ಎಂದರೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಕೊಸರಿಗೆ ದುಡ್ಡು ಕೇಳುವಷ್ಟು ಕೆಟ್ಟುಹೋಗಿದ್ದೇನೆಯೇ ಎನ್ನುವ ಹಾಗೆ ನೋಡುತ್ತಾನೆ.

ಆ ಅಂಗಡಿ ದೊಡ್ಡದಾಗಬಹುದಿತ್ತು. ಒಂದು ಕಾಲಕ್ಕೆ ಆಗುವ ಹಾದಿಯಲ್ಲೇ ಇತ್ತು. ಯಾಕೆ ಆಗಲಿಲ್ಲ ಎನ್ನುವುದರಲ್ಲಿ ಅವನ ಬದುಕಿನ ಮುಕ್ಕಾಲು ಪಾಲು ಬಂದುಬಿಡುತ್ತದೆ.

ಚಿತ್ತಯ್ಯ ಹಿರಿಯೂರು ಸೀಮೆಯ ಗೊಲ್ಲರ ಹಟ್ಟಿಯವನು. ಅಪ್ಪ ಕುರಿಯ ಹಿಂದೆ ಹೊರಟರೆ ಮನೆಯನ್ನೇ ಮರೆಯುವ ಆಸಾಮಿ. ಮಕ್ಕಳ ಹೊಟ್ಟೆ ನೋಡಿದವಳು ಅವ್ವ. ಹೆಸರು ಹುಚ್ಚಕ್ಕ; ಆದರೆ ಅವಳಷ್ಟು ಬುದ್ಧಿ ನೆಟ್ಟಗಿದ್ದವರು ಆ ಹಟ್ಟಿಯಲ್ಲಿ ಇನ್ನೊಬ್ಬರಿರಲಿಲ್ಲ. ಕೆಂಪು ಮಣ್ಣಿನ ಹೊಲದಲ್ಲಿ ನವಣೆ ಬೆಳೆಯುತ್ತಿದ್ದಳು. ತೆನೆ ಬಲಿಯುವ ಹೊತ್ತಿಗೆ ಅಟ್ಟಣೆ ಹತ್ತಿ, ಕವಣೆ ಬೀಸಿ, ಗಂಟಲು ಹರಿಯುವಂತೆ ಕೂಗಿ ಹಕ್ಕಿ ಓಡಿಸುತ್ತಿದ್ದಳು. ಉಂಡು ಮಿಕ್ಕಿದ್ದನ್ನು ಹಿರಿಯೂರು ಸಂತೆಗೆ ಹೊತ್ತು ಮಾರುತ್ತಿದ್ದಳು. ಸೇರನ್ನು ಗೋಪುರ ಬರುವಂತೆ ಅಳೆದು ಸುರಿದ ಮೇಲೂ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಿದವಳಲ್ಲ. ಅಳೆದದ್ದು ಅವರ ದುಡ್ಡಿನದು, ಕೊಸರು ಕೊಟ್ಟವರ ಮರ್ಯಾದೆಯದು ಎಂಬುದು ಅವಳ ಲೆಕ್ಕ. ಜಗಳಾಡಿಕೊಂಡು ಕೊಂಡವರಿಗೂ ಹಾಕುತ್ತಿದ್ದಳು, ಬೈದುಕೊಂಡೇ ಹಾಕುತ್ತಿದ್ದಳು.

ಚಿತ್ತಯ್ಯ ಮದುವೆಯಾದ ಮೇಲೆ ಹೆಂಡತಿ ನಾಗಕ್ಕನನ್ನು ಕರೆದುಕೊಂಡು ದುರ್ಗಕ್ಕೆ ಬಂದು ಕಾಳಿನ ಅಂಗಡಿ ಇಟ್ಟ. ಎಂಬತ್ತರ ದಶಕದ ಮಾತು. ರೇಷನ್ ಅಕ್ಕಿ ಮನೆಮನೆಗೂ ಬಂದಿತ್ತು. ನವಣೆ ಉಣ್ಣುತ್ತೇವೆ ಎನ್ನುವುದಕ್ಕೆ ಜನ ನಾಚಿಕೊಳ್ಳುವ ಕಾಲ. ಹಟ್ಟಿಯಿಂದ ಅವ್ವ ಕಳಿಸಿದ ಮೂಟೆಗಳು ಅಂಗಡಿಯ ಮೂಲೆಯಲ್ಲಿ ನುಸಿ ಹಿಡಿಯುತ್ತಿದ್ದವು. ನಿಜ ಹೇಳಬೇಕೆಂದರೆ ಚಿತ್ತಯ್ಯನಿಗೂ ಆ ನಾಚಿಕೆ ಅಂಟಿತ್ತು. ಮಧ್ಯಾಹ್ನದ ಬುತ್ತಿಯಲ್ಲಿ ನವಣೆ ಅನ್ನ ಇದ್ದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಉಣ್ಣುತ್ತಿದ್ದ.

ಅವನ ನವಣೆ ಕೊಳ್ಳುತ್ತಿದ್ದ ಒಬ್ಬನೇ ಖಾಯಂ ಗಿರಾಕಿ ಪಾರಿವಾಳದ ಕೆಂಚಣ್ಣ. ಒಂದು ದಿನ ಅವನು, "ಲೇ ಚಿತ್ತಯ್ಯ, ಇದೇ ಕಾಳ್ನ ದಾವಣಗೆರೆಯಾಗೆ ಪ್ಯಾಕೆಟ್ ಮಾಡಿ ಮಾರ್ತಾರೆ ಕಣಲೇ. ಲವ್ ಬರ್ಡ್ಸ್ ಸಾಕೋರು ಮುಗಿಬಿದ್ದು ತಗಂತಾರೆ. ಮೇಲೊಂದು ಗಿಣಿ ಚಿತ್ರ ಐತೆ, ಇನ್ನೇನಿಲ್ಲ" ಎಂದ.

ಚಿತ್ತಯ್ಯನಿಗೆ ಗಿಣಿಯ ಚಿತ್ರ ಬರೆಸುವುದೇನು ಕಷ್ಟವಾಗಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವನು, "ಎಲ್ಲಿ ಮಾಲು ಅಂತ ಹಾಕ್ಲಿ?" ಎಂದಾಗ ಒಂದು ಗಳಿಗೆ ತಡೆದು, "ಬಾಂಬೆ ಅಂತ ಹಾಕ್ರಿ" ಎಂದ. ಅಲ್ಲಿಂದ ಶುರುವಾಯಿತು ನೋಡಿ ವ್ಯಾಪಾರ. ಬಿಡಿಯಾಗಿ ಮಾರುತ್ತಿದ್ದ ಬೆಲೆಯ ನಾಲ್ಕರಷ್ಟು ಹಾಕಿದರೂ ಪೊಟ್ಟಣಗಳು ನಿಲ್ಲಲಿಲ್ಲ. ಕಾಲೇಜಿನ ಮೇಷ್ಟರೊಬ್ಬರು ಮೂಟೆಯ ಕಡೆ ಮೂಗು ಮುರಿದು, "ಇಂಥದ್ದು ತಿಂದರೆ ಹಕ್ಕಿ ಮಂಕಾಗ್ತವೆ, ಆ ಗಿಣಿ ಪ್ಯಾಕೆಟ್ ಕೊಡಪ್ಪ" ಎಂದು ಅದೇ ಮೂಟೆಯ ಕಾಳನ್ನು ಕೊಂಡುಹೋದರು. ಆಮೇಲೆ ಸಂತೆಯ ಕಲ್ಲುಪ್ಪು ಬಣ್ಣದ ಮೀನಿನವರಿಗೆ 'ಅಕ್ವೇರಿಯಂ ಸಾಲ್ಟ್' ಆಯಿತು. ಬೀದಿಬದಿಯ ಆಮ್ಲೆಟ್ ಗಾಡಿಯಿಂದ ತಂದು ತೊಳೆದು ಕುಟ್ಟಿದ ಮೊಟ್ಟೆಯ ಸಿಪ್ಪೆ 'ಕ್ಯಾಲ್ಸಿಯಂ' ಆಯಿತು.

ಅವನನ್ನು ಮೋಸಗಾರ ಎಂದು ಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಕಾಳನ್ನು ಬಿಸಿಲಿಗೆ ಹಾಕಿ, ಕೇರಿ, ಕಲ್ಲು ಆರಿಸಿ, ತೂಕಕ್ಕೆ ಸರಿಯಾಗಿ ತುಂಬುತ್ತಿದ್ದ. ಬೆಲೆ ಎಲ್ಲರೆದುರಿಗೂ ಅಚ್ಚಾಗಿತ್ತು, ಕೊಳ್ಳುವವರು ನಗುನಗುತ್ತಾ ಕೊಡುತ್ತಿದ್ದರು. ಅವನು ತಪ್ಪಿದ್ದು ಆ 'ಬಾಂಬೆ' ಎಂಬ ಮಾತಿನಲ್ಲಿ. ಹಟ್ಟಿಗೆ ಹೋದಾಗ ಇನ್ನೊಂದು ಸುಳ್ಳು ಬೇರೆ ಹೇಳುತ್ತಿದ್ದ: "ಅವ್ವ, ನಿನ್ನ ನವಣೆನ ದುರ್ಗದ ಆಫೀಸರ್‌ಗಳು ಉಣ್ತಾರೆ." ಹುಚ್ಚಕ್ಕ ಅದನ್ನು ಹಟ್ಟಿಯ ತುಂಬ ಹೇಳಿಕೊಂಡು ಬರುತ್ತಿದ್ದಳು.

ಬಾಂಬೆ ಕಾಳಿಗೆ ದುರ್ಗದಲ್ಲಿ ಹೆಸರು ತಂದುಕೊಟ್ಟವರು ಏಕನಾಥಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ, ಮದುವೆಯಾಗಿರಲಿಲ್ಲ, ಬಾಡಿಗೆ ಮನೆಯ ವರಾಂಡದ ತುಂಬ ಲವ್ ಬರ್ಡ್ಸ್. ಊರಿನ ಹಕ್ಕಿ ಸಾಕುವವರೆಲ್ಲ ಅವರನ್ನೇ ಕೇಳುತ್ತಿದ್ದರು, ಅವರು ಚಿತ್ತಯ್ಯನ ಅಂಗಡಿಯನ್ನೇ ತೋರಿಸುತ್ತಿದ್ದರು. ಒಮ್ಮೆ ಅವರು ಪೊಟ್ಟಣ ಕೈಯಲ್ಲಿ ಹಿಡಿದು, "ನವಣೆ ಇದ್ದಂಗೆ ಐತಲ್ಲ ಚಿತ್ತಯ್ಯ?" ಎಂದಿದ್ದರು. ಅವನು ಕಣ್ಣು ಮಿಟುಕಿಸದೆ, "ಇದು ಬೇರೆ ಜಾತಿ ಅಮ್ಮಾರೆ, ಹಕ್ಕಿಗೆ ಅಂತ್ಲೇ ಬೆಳೆಯೋದು" ಎಂದಿದ್ದ. ಅವರು ಹೂಂಗುಟ್ಟಿ ಹೋಗಿದ್ದರು. ಆ ದಿನ ರಾತ್ರಿ ಅವನಿಗೆ ಊಟ ಸರಿಯಾಗಿ ಸೇರಲಿಲ್ಲ. ಮಾರನೆಯ ದಿನ ಸೇರಿತು.

ಹೀಗೆ ನಡೆಯುತ್ತಿರುವಾಗ ದುರ್ಗದಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ಹುಚ್ಚಕ್ಕನಿಗೆ ಒಂದು ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಯಿತು, ವಾರ ಬಿಟ್ಟು ಮತ್ತೆ ತೋರಿಸಬೇಕು, ಅಲ್ಲಿಯವರೆಗೆ ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಆದರೆ ಮನೆಯಲ್ಲಿ ಕೂರುವ ಹೆಂಗಸೇ ಅವಳು? ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಅಂಗಡಿಗೆ ಬಂದು ಕುಳಿತಳು. ಪ್ರೆಸ್ಸಿನಿಂದ ಹೊಸ ಚೀಲಗಳನ್ನು ತರಲು ಹೊರಟ ಚಿತ್ತಯ್ಯ, "ಯಾರಾದ್ರು ಬಂದ್ರೆ ಗಿಣಿ ಚಿತ್ರದ್ದು ಕೊಡವ್ವ. ರೇಟು ಅದ್ರ ಮೇಲೇ ಐತೆ, ಅವ್ರೇ ಕೊಡ್ತಾರೆ" ಎಂದು ಹೇಳಿಹೋದ.

ಚೀಲದ ಕಟ್ಟು ಹೆಗಲ ಮೇಲಿಟ್ಟುಕೊಂಡು ವಾಪಸು ಬಂದಾಗ ಅಂಗಡಿಯ ಮುಂದೆ ಏಕನಾಥಮ್ಮ ನಿಂತಿದ್ದರು. ಅವರ ಕೈಯಲ್ಲಿ ಗಿಣಿಯ ಪೊಟ್ಟಣವಿತ್ತು. ಹುಚ್ಚಕ್ಕ ಕೌಂಟರಿನ ಕೆಳಗಿನ ಮೂಟೆಗೆ ಮೊಣಕೈವರೆಗೂ ಕೈ ಹಾಕಿದ್ದಳು. ಅವಳೇ ಹಟ್ಟಿಯಲ್ಲಿ ಕರಿಕುರಿಯ ಉಣ್ಣೆ ನೂಲಿನಿಂದ ಬಾಯಿ ಹೊಲಿದು ಕಳಿಸಿದ ಮೂಟೆ ಅದು.

"ಕೊಸರು ತಗಾ ತಾಯಿ. ಸೆರಗು ಹಿಡಿ" ಎನ್ನುತ್ತಿದ್ದಳು. "ನಮ್ಮ ಹೊಲದ್ದೇ ನವಣೆ. ಅನ್ನ ಮಾಡಿ ನೋಡು, ಹೂವಿನಂಗೆ ಅರಳ್ತೈತೆ. ನಮ್ಮ ಹುಡುಗ ಇದನ್ನೇ ಈ ಚೀಲಕ್ಕೆ ತುಂಬ್ತಾನೆ."

ಏಕನಾಥಮ್ಮ ಸೆರಗಿನಲ್ಲಿದ್ದ ಕಾಳು ನೋಡಿದರು. ಪೊಟ್ಟಣದ ಮೂಲೆ ಹರಿದು ನಾಲ್ಕು ಕಾಳು ಅಂಗೈಗೆ ಉದುರಿಸಿಕೊಂಡು ಅದನ್ನೂ ನೋಡಿದರು. ಆಮೇಲೆ ಚಿತ್ತಯ್ಯನ ಮುಖ ನೋಡಿ ಮೆಲ್ಲಗೆ, "ಬಾಂಬೆ ಮಾಲು ಅಂದಿದ್ರಿ" ಎಂದರು.

ಆಗಲೇ ಒಪ್ಪಿಕೊಂಡಿದ್ದರೆ ಆಗಿಹೋಗುತ್ತಿತ್ತು. ಆದರೆ ಪಕ್ಕದಲ್ಲಿ ಸೈಕಲ್ಲಿನವನು ಕಿವಿ ನಿಮಿರಿಸಿದ್ದ, ಗಿರಣಿಯ ಮುಂದೆ ಹೆಂಗಸರು ನಿಂತಿದ್ದರು. ಚಿತ್ತಯ್ಯನ ಬಾಯಿಂದ ಬಂದದ್ದೇ ಬೇರೆ. "ಅಮ್ಮಾರೆ, ನಮ್ಮವ್ವಂಗೆ ಕಣ್ಣು ಸರಿಯಿಲ್ಲ. ಆಪರೇಷನ್ ಆಗೈತೆ. ಅದು ಬೇರೆ ಮೂಟೆ, ನಾವು ಉಣ್ಣೋದು, ಹಕ್ಕಿಗೆ ಹಾಕೋದಲ್ಲ. ಇವ್ಳಿಗೆ ಯಾವುದು ಏನು ಅಂತ ಗೊತ್ತಾಗಲ್ಲ."

ಹುಚ್ಚಕ್ಕ ಮೂಟೆಯ ಬಾಯಿ ಮಡಚಿದಳು. ಏಕನಾಥಮ್ಮ ಸೆರಗಿನ ಕಾಳನ್ನು ಗಂಟು ಕಟ್ಟಿಕೊಂಡು ಹೊರಟುಹೋದರು.

ಸಂಜೆಯಾಯಿತು. ಅಂಗಡಿ ಮುಚ್ಚುವಾಗ ಅವ್ವ ಮೂಟೆಯ ಬಾಯಿಯ ಉಣ್ಣೆ ನೂಲನ್ನು ಬೆರಳಲ್ಲಿ ಸವರುತ್ತಾ ಕೇಳಿದಳು: "ಹಕ್ಕಿಗಾ ಹಾಕೋದು ಇದನ್ನ?"

"ಹೂಂ."

"ಅಟ್ಟಣೆ ಮ್ಯಾಲೆ ಕುಂತು ಕವಣೆ ಬೀಸಿ ಬೀಸಿ ನನ್ನ ರಟ್ಟೆ ಬಿದ್ದೋಯ್ತು. ನೀನು ಪಂಜ್ರದಾಗೆ ಇಟ್ಟು ತಿನ್ನಿಸ್ತಿದೀಯ." ಅವಳಿಗೆ ಒಂದು ಕ್ಷಣ ನಗು ಬಂದೇಬಂತು. ಆಮೇಲೆ ಮುಖ ಗಂಟಾಯಿತು. "ತಿನ್ಲಿ ಬಿಡು, ಅವಕ್ಕೂ ಹೊಟ್ಟೆ ಐತೆ. ನಾಕು ಕಾಸು ಜಾಸ್ತಿ ತಗಂಡ್ಯಾ, ಅದಕ್ಕೂ ನಾನು ಬೈಯಲ್ಲ, ನಿಂಗೂ ಸಂಸಾರ ಐತೆ. ಆದ್ರೆ ನಮ್ದಲ್ಲ ಅಂದ್ಯಲ್ಲಪ್ಪ. ಇದೇ ನವಣೆ ಉಂಡು ಬೆಳೆದೋನು ನೀನು. ಅದು ನಮ್ದಲ್ಲ, ನನಗೆ ಕಣ್ಣಿಲ್ಲ ಅಂತೀಯ."

ಬೆಳಿಗ್ಗೆ ಎದ್ದರೆ ನಾಗಕ್ಕ ಅಳುಮೋರೆ ಹಾಕಿಕೊಂಡು ನಿಂತಿದ್ದಳು. "ಅತ್ತೆ ಬಸ್‌ಸ್ಟ್ಯಾಂಡಿಗೆ ಹೋದ್ರು. ಕಣ್ಣು ತೋರಿಸ್ಬೇಕು ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಆ ಧೂಳಿನಾಗೆ ಕಣ್ಣು ಕೆಟ್ರೆ ಏನ್ರಿ ಗತಿ?"

ಚಿತ್ತಯ್ಯ ಅಂಗಿ ಸಿಕ್ಕಿಸಿಕೊಂಡು ಓಡಿದ. ಬಸ್‌ಸ್ಟ್ಯಾಂಡಿಗೆ ಹೋಗಿ ಏನು ಹೇಳುವುದು? ತಪ್ಪಾಯ್ತು ಎಂದರೆ ಅವ್ವ ಕೇಳುವವಳಲ್ಲ. ತಪ್ಪನ್ನು ಆಡಿದ ಜಾಗದಲ್ಲೇ ತಿದ್ದಿಕೊಂಡು ಬಾ ಎನ್ನುವವಳು. ಅವನು ದಾರಿ ತಿರುಗಿಸಿ ಅಂಗಡಿಗೆ ಹೋಗಿ, ಮೂಟೆಯಿಂದ ಒಂದು ಸೇರು ಅಳೆದು ಚೀಲಕ್ಕೆ ಹಾಕಿಕೊಂಡು ಏಕನಾಥಮ್ಮನ ಮನೆಯ ಬಾಗಿಲು ಬಡಿದ. ವರಾಂಡದಲ್ಲಿ ಹಸಿರು ಹಳದಿ ಹಕ್ಕಿಗಳು ಗಲಾಟೆ ಹಾಕುತ್ತಿದ್ದವು.

"ಬರ್ರಿ, ಕುಂತ್ಕಳ್ರಿ" ಎಂದರು ಅವರು.

"ಕೂರಲ್ಲ ಅಮ್ಮಾರೆ. ಆ ಕಾಳು ಬಾಂಬೆದಲ್ಲ. ನಮ್ಮವ್ವ ಬೆಳೆದ ನವಣೆ. ಅವ್ಳ ಕಣ್ಣು ಸರಿಯಾಗೇ ಐತೆ, ನನ್ನ ಬಾಯಿ ಸರಿಯಿರ್ಲಿಲ್ಲ."

ಏಕನಾಥಮ್ಮ ಪಂಜರದ ಕಡೆ ತಿರುಗಿದರು. "ನಾನು ಹೊಸದುರ್ಗದ ಕಡೆಯೋಳು ಚಿತ್ತಯ್ಯ. ನವಣೆ ಗುರ್ತು ಸಿಗದೇ ಇರ್ತದಾ? ಮೊದಲ್ನೇ ಪ್ಯಾಕೆಟ್ ಹರಿದಾಗ್ಲೇ ಗೊತ್ತಾಗಿತ್ತು."

"ಮತ್ತ್ಯಾಕೆ ತಗಂಡ್ರಿ?"

"ಆಫೀಸಿನಾಗೆ ಎಲ್ಲರ ಮುಂದೆ ನನ್ನ ಹಕ್ಕಿ ಬಾಂಬೆ ಕಾಳು ತಿಂತವೆ ಅಂತ ಹೇಳ್ಕಂಡು ತಿರುಗಿದೀನಿ. ಚಿಕ್ಕೋಳಿದ್ದಾಗ ನಾನೇ ತಿಂದಿದ್ದು ಅದು ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ. ನೀವು ಮಾರಿದ್ದು ಅದನ್ನೇ, ನಾನು ಕೊಂಡಿದ್ದೂ ಅದನ್ನೇ. ನಿನ್ನೆ ನಿಮ್ಮವ್ವನ ಕೊಸರು ಹಕ್ಕಿಗೆ ಹಾಕ್ಲಿಲ್ಲ. ಅನ್ನ ಮಾಡ್ಕಂಡು ಉಂಡೆ. ಒಂದು ಹಿಡಿ, ಎಲ್ಲಿಗೆ ಸಾಕಾಗ್ತದೆ?" ಅವರು ಒಂದು ಖಾಲಿ ಡಬ್ಬ ತಂದು ಮುಂದಿಟ್ಟರು. "ನನಗೇನು ಹೇಳ್ತೀರಿ, ಹೋಗಿ ಆಯಮ್ಮಂಗೆ ಹೇಳ್ರಿ."

ಚಿತ್ತಯ್ಯ ಚೀಲವನ್ನು ಅವರ ಡಬ್ಬಕ್ಕೆ ಸುರಿದು ಬಿದ್ದಂಬೀಳ ಓಡಿದ. ಹಿರಿಯೂರು ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಹಸಿರು ಬಟ್ಟೆ ಕಾಣಿಸಿತು. ಅವನು ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಹೇಳಿದ: "ಅವ್ವ, ಆಯಮ್ಮನ ಮನೆಗೆ ಹೋಗಿದ್ದೆ. ಅದು ನಮ್ದೇ ಅಂತ ಹೇಳಿ ಬಂದೆ. ನಿನ್ನ ಕಣ್ಣು ಸರಿಯಾಗೈತೆ ಅಂತ್ಲೂ ಹೇಳಿದೆ. ಇನ್ಮೇಲೆ ಆ ಚೀಲ್ದ ಮೇಲೆ ನಮ್ಮ ಹಟ್ಟಿ ಹೆಸ್ರು ಹಾಕಿಸ್ತೀನಿ. ಕೊಳ್ಳೋರು ಕೊಳ್ಲಿ, ಬಿಡೋರು ಬಿಡ್ಲಿ."

ಬಿಟ್ಟವರು ಆಮೇಲೆ ಬೇಕಾದಷ್ಟು ಜನ. ಆ ಕಾಲೇಜಿನ ಮೇಷ್ಟರು ಮತ್ತೆ ಆ ಗಲ್ಲಿಗೇ ಬರಲಿಲ್ಲ. ಅದೆಲ್ಲ ಮುಂದಿನ ಮಾತು.

ಹುಚ್ಚಕ್ಕ ತಿರುಗಿ ನೋಡಲಿಲ್ಲ. ಮುಂದಿನ ಸೀಟಿನ ಬೆನ್ನು ನೋಡುತ್ತಲೇ ಕೇಳಿದಳು: "ಬರಿಗೈಲಿ ಹೋಗಿದ್ಯಾ?"

"ಇಲ್ಲವ್ವ. ಒಂದು ಸೇರು ಅಳೆದು ಕೊಟ್ಟೆ."

"ಕೊಸರು?"

 ಪೊಟ್ಟಣ ತುಂಬಿ ತುಂಬಿ, ಸುರಿದ ಮೇಲೆ ಮತ್ತೆ ಮೂಟೆಗೆ ಹೋಗಬೇಕು ಎನ್ನುವುದನ್ನೇ ಅವನ ಕೈ ಮರೆತುಬಿಟ್ಟಿತ್ತು. ಕಂಡಕ್ಟರ್ ಸೀಟಿ ಊದಿದ.

"ತಡೀರಪ್ಪ" ಎಂದು ಹುಚ್ಚಕ್ಕ ಗಂಟು ಎತ್ತಿಕೊಂಡು ಎದ್ದಳು. "ಇಳಿಸ್ರಿ ನನ್ನ. ಇವನ್ಗೆ ವ್ಯಾಪಾರ ಮಾಡಕ್ಕೇ ಬರಲ್ಲ."

ಮೆಟ್ಟಿಲಲ್ಲಿ ಅವನು ಕೈ ಕೊಟ್ಟು ಇಳಿಸಿಕೊಂಡ. ಅವಳು ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆದಳು. ಅಂಗಡಿಯ ಬೀಗ ತೆಗೆದು ಚಿತ್ತಯ್ಯ ಮೂಟೆಯ ಪಕ್ಕಕ್ಕೆ ಸರಿದು, ಅವ್ವನಿಗೆ ಜಾಗ ಬಿಟ್ಟು ನಿಂತ. ಅವಳು ಬೇಡವೆಂಬಂತೆ ತಲೆಯಾಡಿಸಿದಳು.

"ನೀನೇ ತಗಾ" ಎಂದಳು. "ನಿನ್ನ ಹಿಡಿ ದೊಡ್ಡದೈತೆ."