ವೈರಿ ಝಂಡಾಕ್ಕ ಹಾಕಿದ ರಫು

ಬನಹಟ್ಟಿಯ ನಮ್ಮ ಮನಿಯೊಳಗ ದಸರಾ ಹಬ್ಬದ ಖಂಡೆ ಪೂಜಿಗೆ ಮಗ್ಗ ನಿಂದ್ರಿಸಿ, ಲಾಳಿ, ಕತ್ರಿ ಎಲ್ಲಾ ತೊಳದು ಸಾಲಾಗಿ ಇಡತೀವಿ. ಅವುಗಳ ಮ್ಯಾಲ ಗ್ವಾಡಿಗೆ ಇನ್ನೊಂದ ಸಾಮಾನ ಇರತೈತಿ: ವೈರಿ ಸೈನ್ಯದ ಝಂಡಾ. ನಮ್ಮ ಮಾವಾರು, ನನ್ನ ಗಂಡನ ಅಪ್ಪ, ಫೌಜಿನ್ಯಾಗ ಇದ್ದಾಗ ಯುದ್ಧದಾಗ ಒಂದು ಚೌಕಿ ಗೆದ್ದು ಇಳಿಸಿಕೊಂಡು ಬಂದದ್ದು. ನಡುವ ಗುಂಡಿನ ತೂತು. ಅದನ್ನ ತಲಿ ಕೆಳಗ ಮಾಡಿ ತೂಗಹಾಕೂದು ಅವರ ಪದ್ಧತಿ. ಗೆದ್ದ ಝಂಡಾ ಹಂಗ ಇರಬೇಕಂತ. ಬಂದವರು ಆ ತೂತಿನ್ಯಾಗ ಬೆರಳ ಹಾಕಿ ನೋಡಿ 'ಭಾರಿ ಐತ್ರೀ' ಅಂತಿದ್ರು.

ನನ್ನ ಮಗಾ ಅದನ್ನ ನೋಡಕೋತನ ಬೆಳದ, ಫೌಜಿಗೆ ಹೋದ. ಹೊಂಟ ದಿನ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಮಾವಾರು ಅವನ ಬೆನ್ನ ಚಪ್ಪರಿಸಿ, 'ಬರೂವಾಗ ನೀನೂ ಒಂದ ತರಬೇಕಲೇ' ಅಂದ್ರು. ಎಲ್ಲಾರೂ ನಕ್ಕರು.

ಈ ಸಲ ಹಬ್ಬದ ಹೊತ್ತಿಗೆ ಗಡಿಯೊಳಗ ಗದ್ದಲ ಸುರುವಾತು. ಹುಡುಗನ ಫೋನ್ ಹತ್ತಲಿಲ್ಲ. ಟಿವಿಯವರು ನೋಡಿದ್ರ ಮದವಿ ಮೆರವಣಿಗಿಯೊಳಗ ಕುಣದಂಗ ಕುಣ್ಯಾಕತ್ತಿದ್ರು! ಇವರ ಬಾಯಾಗ ಮಣ್ಣ ಬೀಳಲಿ ಅಂತ ಬೈದು ಬಂದ್ ಮಾಡಿದೆ, ಮತ್ತ ಹಚ್ಚಿದೆ. ಕುಂತಲ್ಲಿ ಕುಂಡರಲಾರೆ, ನಿಂತಲ್ಲಿ ನಿಂದರಲಾರೆ. ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು.

ಪೂಜಿಗಂತ ಟ್ರಂಕಿನಿಂದ ಝಂಡಾ ತಗದೆ. ನೇಕಾರ ಮನಿಯಾಕಿ ನಾನು. ಎಳಿ ಹರದ್ರ ಮಗ್ಗ ನಿಂದ್ರಿಸಿ ಗಂಟ ಹಾಕೂದು ಕೈಗೆ ಹತ್ತಿದ ರೂಢಿ. ಜೀವ ತಡೀಲಾರದ ಸೂಜಿ ತಗೊಂಡು ಕುಂತೆ. ಎದ್ದು ನೋಡತೀನಿ, ತೂತ ಮುಚ್ಚೇತಿ!

ಮಾವಾರು ಬೆಂಕಿಯಾದ್ರು. 'ತಲಿ ನೆಟ್ಟಗ ಐತ್ಯೇನು ನಿಂದು? ಆ ತೂತ ನಾ ಗೆದ್ದ ಗುರ್ತು!'

ನಾ ಎಂದೂ ಅವರಿಗೆ ಎದರಾಡಿದಾಕಿ ಅಲ್ಲ. ಅವತ್ತ ಬಾಯಿ ತಡೀಲಿಲ್ಲ. 'ಖರೆ ಮಾವಾರ. ಆದ್ರ ಆ ತೂತಿನ ಹಿಂದ ಯಾರೋ ನಿಂತಿದ್ರಲ್ಲರೀ? ಈಗ ಅಲ್ಲಿ ಯಾವನರೆ ನನ್ನ ಮಗನ ಝಂಡಾ ತಲಿ ಕೆಳಗ ತೂಗಹಾಕಿ, ಬೆರಳ ಹಾಕಿ ನೋಡಾಕತ್ತಿದ್ರ?'

ಮಾವಾರು ರಫು ಹಾಕಿದ ಜಾಗಾನ ಹೆಬ್ಬಟ್ಟಲೆ ಸವರಕೋತ ಕುಂತ್ರು. ಆಮ್ಯಾಲ ಝಂಡಾ ಮಡಚಿ ವಾಪಸ್ ಟ್ರಂಕಿನ್ಯಾಗ ಇಟ್ರು.

ಆರತಿ ಮುಗಿಯೂವಾಗ ಫೋನ್ ಬಂತು. ಮಗಾ 'ಆರಾಮ ಅದೀನ್ಬೇ ಯವ್ವಾ' ಅಂದ, ಅಷ್ಟ. ನಾ ಅತ್ತುಬಿಟ್ಟೆ. ಮಾವಾರು ಫೋನ್ ಕಸಗೊಂಡ್ರು. ಅಷ್ಟರಾಗ ಲೈನ್ ಕಟ್ ಆಗಿತ್ತು. ಕಿವಿ ಮಂದ, ಅವರಿಗೆ ತಿಳೀಲಿಲ್ಲ. 'ಏನೂ ತರಬ್ಯಾಡೋ ಎಪ್ಪಾ,' ಅಂತ ಒದರಾಕತ್ತಿದ್ರು, 'ಏನೂ ತರಬ್ಯಾಡ. ನೀ ಬಾ.'