ಶಾಲೆಯ ಮೇಲೆ ನೀಲಿ

ವಾರವಿಡೀ ಮಳೆ ಹೊಯ್ದಿತ್ತು. ಅಕ್ಕನ ಫೋನು ಬಂದಾಗ ನಾನು ಕೋಲಾರದಲ್ಲಿ, ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿದ್ದೆ.

"ಕೆರೆ ಕಟ್ಟೆ ಸೋರ್ತಾ ಐತೆ ಕಣೇ. ಊರೋರೆಲ್ಲಾ ಸ್ಕೂಲ್‌ಗೆ ಬಂದ್ಬಿಟ್ಟಿದ್ದೀವಿ."

ಅವಳನ್ನು ಕೊಟ್ಟಿರುವ ಊರು ಶ್ರೀನಿವಾಸಪುರದ ಆಚೆ, ದೊಡ್ಡ ಕೆರೆಯೊಂದರ ಕೆಳಗಿದೆ. ಆ ನೆಲವನ್ನು ಹಿಂದಿನ ಬೇಸಿಗೆಯಲ್ಲಿ ನಾನೂ ನನ್ನ ವಿದ್ಯಾರ್ಥಿಗಳೂ ಡ್ರೋನ್ ಹಾರಿಸಿ, ಲೇಸರ್‌ನಿಂದ ಅಳೆದಿದ್ದೆವು. ಬದು, ಕಾಲುವೆ, ಗುಂಡಿ, ಎಲ್ಲದರ ಎತ್ತರವೂ ನಮ್ಮ ಬಳಿ ಇತ್ತು. ಆದರೆ ಅವು ಕೋಟಿಗಟ್ಟಲೆ ಬಿಂದುಗಳು, ಲ್ಯಾಬಿನ ಕಂಪ್ಯೂಟರಿಗೆ ನಿಲುಕುವಂಥವಲ್ಲ. ದೂರದ ಸೂಪರ್ ಕಂಪ್ಯೂಟರಿಗೆ ಆನ್‌ಲೈನಿನಲ್ಲಿ ಕಳಿಸಿದರೆ, ಕಟ್ಟೆ ಒಡೆದಾಗ ನೀರು ಎತ್ತ ನುಗ್ಗುತ್ತದೆಂದು ಅದು ಲೆಕ್ಕ ಹಾಕಿಕೊಡುತ್ತಿತ್ತು.

ಕಳಿಸಿದೆ. ಸರದಿಯಲ್ಲಿ ನಿಲ್ಲಿಸಿತು. ಕಾದು ಕಾದು ಸಾಕಾದ ಮೇಲೆ, ಮೆಮೊರಿ ಸಾಲದೆ ಕೆಲಸ ನಿಂತಿದೆ ಎಂಬ ಕೆಂಪಕ್ಷರ ಬಂತು. ಅಳತೆಯನ್ನು ಒರಟು ಮಾಡಿದರೆ ಲೆಕ್ಕ ಹಗುರಾಗುತ್ತದೆ, ಆದರೆ ಸಣ್ಣ ಕಾಲುವೆಗಳು ಅಳಿಸಿಹೋಗುತ್ತವೆ. ಕೆರೆ ಮತ್ತು ಅಕ್ಕನ ಊರನ್ನಷ್ಟೇ ಉಳಿಸಿಕೊಂಡು, ಅದಕ್ಕೂ ಕೆಳಗಿನ ಇನ್ನೊಂದು ಊರನ್ನು ಲೆಕ್ಕದಿಂದ ಕತ್ತರಿಸಿ ಮತ್ತೆ ಕಳಿಸಿದೆ. ಅಲ್ಲೂ ಯಾರದೋ ಅಕ್ಕಂದಿರಿದ್ದಾರೆಂದು ಕತ್ತರಿಸುವಾಗಲೇ ಗೊತ್ತಿತ್ತು.

ನಕ್ಷೆ ತೆರೆದುಕೊಂಡಿತು. ಹೂಳು ತುಂಬಿದ ಹಳೆಯ ಕಾಲುವೆಯ ತಗ್ಗು ಹಿಡಿದು ನೀರಿನ ನೀಲಿ ಬಣ್ಣ ನೇರ ಶಾಲೆಯ ಮೇಲೆ ಹರಡಿತ್ತು; ಊರ ಪಕ್ಕದ ಬಂಡೆಯನ್ನಷ್ಟೇ ಮುಟ್ಟಿರಲಿಲ್ಲ.

ಅಕ್ಕನಿಗೆ ಫೋನು ಹೋಗಲೇ ಇಲ್ಲ. ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಭಾವ ಸಿಕ್ಕಿದರು.

"ಭಾವ, ಸ್ಕೂಲ್ ಬಿಟ್ಟು ಬಂಡೆ ಮೇಲಕ್ಕೆ ಹೋಗಿ. ನೀರು ಅಲ್ಲಿಗೇ ಬರೋದು!"

"ಏನಮ್ಮಾ ನೀನು! ಇಲ್ಲಿಗೆ ಯಾವತ್ತೂ ನೀರು ಬಂದಿಲ್ಲ. ಮುದುಕ್ರು ಮಕ್ಕಳನ್ನ ಈ ಮಳೇಲಿ ಎಲ್ಲಿಗೆ ಕರ್ಕೊಂಡ್ಹೋಗ್ಲಿ?"

"ನಿಮ್ಮ ಕಾಲಿಗೆ ಬೀಳ್ತೀನಿ ಭಾವ..." ಅತ್ತುಬಿಟ್ಟೆ. ಆ ಕಡೆ ತೆಲುಗಿನಲ್ಲಿ ಜಗಳ ಎದ್ದಿತು. "ಪದಂಡಿ, ಪದಂಡಿ," ಎಂದು ಅಕ್ಕ ಎಲ್ಲರನ್ನೂ ಎಬ್ಬಿಸಿ ಹೊರಡಿಸುತ್ತಿದ್ದುದು ಕೇಳಿಸಿತು. ಫೋನು ಕಡಿದುಹೋಯಿತು.

ಕೆಳಗಿನ ಊರಿನ ಲೆಕ್ಕವನ್ನು ಬೇರೆಯಾಗಿ ಕಳಿಸಿ, ತಾಲ್ಲೂಕು ಕಚೇರಿಗೆ ಫೋನ್ ಮಾಡಿದೆ. ಯಾವ ಬೀದಿಗೆ ನೀರು ಬರುತ್ತದೆ ಮೇಡಂ ಎಂದು ಕೇಳಿದರು. ಗೊತ್ತಿಲ್ಲ, ಎಲ್ಲರನ್ನೂ ಎಬ್ಬಿಸಿ ಎಂದು ಬೇಡಿಕೊಂಡೆ.

ಸಂಜೆಗೆ ಮುಂಚೆ ಕಟ್ಟೆ ಒಡೆಯಿತು. ಶಾಲೆಯ ಕಿಟಕಿಯವರೆಗೂ ನೀರು ನಿಂತಿತು. ಬಂಡೆ ಹತ್ತಿದವರೆಲ್ಲ ಉಳಿದರು. ಕೆಳಗಿನ ಊರಲ್ಲಿ ತಾಲ್ಲೂಕು ಕಚೇರಿಯ ಜೀಪು ಬರುವಷ್ಟರಲ್ಲಿ ಒಬ್ಬ ಮುದುಕಿ ಮನೆಯೊಳಗೇ ಮುಳುಗಿಹೋಗಿದ್ದಳು. ಆ ಊರಿನ ನಕ್ಷೆ ಇನ್ನೂ ಸರದಿಯಲ್ಲೇ ಇತ್ತು.

"ನಾವಿದ್ದೀವಿ ಕಣೇ, ಅಳ್ಬೇಡ," ಎಂದಳು ಅಕ್ಕ, ರಾತ್ರಿ ಫೋನು ಸಿಕ್ಕಾಗ. ನಾನು ಯಾರಿಗಾಗಿ ಅಳುತ್ತಿದ್ದೆನೆಂದು ಅವಳಿಗೆ ಹೇಳಲಾಗಲಿಲ್ಲ.