ಈಶ್ವರಮ್ಮನ ಅಂಚು

ಈಶ್ವರಮ್ಮನ ಹಟವೆಂದರೆ ಹಟ. "ಮದ್ವೆಯಾಗಿ ಹೋದೋಳು ನಮ್ಮ ಮಗ್ಗದ ಗುಂಡಿಗೆ ಇಳೀಬಾರ್ದು" ಎಂದು ತಮ್ಮ ಚಿತ್ತಯ್ಯ ಹತ್ತು ಜನರೆದುರು ಅಂದಿದ್ದೇ ತಡ, ತಳಕಿನ ಗಂಡನ ಮನೆಗೆ ಹೋದವಳು ಮೊಳಕಾಲ್ಮೂರಿನ ಕಡೆ ತಲೆ ಹಾಕಲಿಲ್ಲ. ತಳಕಿಗೆ ಪ್ಲೇಗು ಬಂದಾಗಲೂ ತವರಿಗೆ ಬರಲಿಲ್ಲ! ಚಿತ್ತಯ್ಯನೇನು ಕಮ್ಮಿಯೇ? ಅವ್ವ ಮಗಳ ಪರ ಮಾತಾಡಿದಳೆಂದು ಪಕ್ಕದ ಕೇರಿಯಲ್ಲಿ ಬೇರೆ ಮಗ್ಗ ಹೂಡಿದ.

ಈಗ ಅವ್ವ ಎರ್ರಮ್ಮ ತೀರಿಹೋದಳು. ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ ಇತ್ತು. ಅದನ್ನು ಹೊಟ್ಟೆಯಲ್ಲಿ ಹುಟ್ಟಿದವರೇ ಮುಗಿಸಿ ಇಳಿಸಬೇಕೆಂಬುದು ಆ ಕೇರಿಯ ಕಟ್ಟಳೆ. ಸೀರೆಯ ಒಡಲಿಗೆ ಅಡ್ಡೆಳೆ ಹಾಯಿಸಲು ಒಂದು ಲಾಳಿ, ಎರಡು ಅಂಚಿಗೆ ಎರಡು, ಒಬ್ಬರಿಂದಾಗುವ ಕೆಲಸವಲ್ಲ. ಚಿಕ್ಕಂದಿನಲ್ಲಿ ಅವ್ವ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಒಡಲು ನೇಯಲು ಕೂತರೆ ಬಲದಂಚಿಗೆ ಈಶ್ವರಮ್ಮ, ಎಡದಂಚಿಗೆ ಚಿತ್ತಯ್ಯ. ಇವಳು ಎಳೆ ಸಡಿಲ ಬಿಡುವವಳು, ಅವನು ಜೀವ ಹೋಗುವಂತೆ ಬಿಗಿಯುವವನು. ಇಬ್ಬರಿಗೂ ದಿನಾ ಅವ್ವನ ಬೈಗುಳ.

"ಇಳೀಬಾರ್ದು ಅಂದೋನೇ ಮುಗಿಸ್ಕಳ್ಳಿ," ಎಂದು, ತಿಥಿಗೆ ಬಂದಿದ್ದ ಈಶ್ವರಮ್ಮ ಅದು ಮುಗಿದ ಕೂಡಲೇ ಗಾಡಿಯ ಕಡೆ ಹೊರಟಳು.

ನೆರೆಮನೆಯ ಮುದುಕಿ ಪೆದ್ದಮ್ಮ ಕೈ ಹಿಡಿದಳು. "ನಿಮ್ಮವ್ವ ಅದನ್ನ ಒಬ್ಳೇ ನೇಯ್ದ್ಲು ಕಣವ್ವ. ಎಳೆ ಎಳೆಗೂ ಎದ್ದು ಆ ಕಡೆ, ಈ ಕಡೆ ಓಡಾಡೋಳು. ಯಾರನ್ನಾದ್ರೂ ಕೂರಿಸ್ಕಳೇ ಅಂದ್ರೆ, ಆ ಜಾಗ ನನ್ನ ಮಕ್ಳದ್ದು ಅನ್ನೋಳು. ಒಂದ್ಸಲ ಮುಟ್ಟಿ ಹೋಗು."

ಮುದುಕಿಯ ಮಾತು ಮೀರಲಾರದೆ ಈಶ್ವರಮ್ಮ ಬಲದಂಚಿನ ಮೇಲೆ ಬೆರಳಾಡಿಸಿದಳು. ಬೆರಳು ನಿಂತೇಬಿಟ್ಟಿತು. ಸಡಿಲ! ಅವಳದೇ ಸಡಿಲ. ಧಡಬಡಿಸಿ ಎಡದಂಚು ಮುಟ್ಟಿದಳು. ಅಲ್ಲಿ ಚಿತ್ತಯ್ಯನ ಬಿಗಿ. ಅಬ್ಬಬ್ಬಾ! ಕೇರಿಗೇ ನೇಯ್ಗೆ ಕಲಿಸಿದ ಕೈ ಮಕ್ಕಳ ತಪ್ಪುಗಳನ್ನು ಇದ್ದ ಹಾಗೇ ನೇಯ್ದಿತ್ತು. ಹಟ ಎಲ್ಲಿ ಹೋಯಿತೋ!

"ಚಿತ್ತಾ, ಬಾರೋ ಇಲ್ಲಿ. ಮುಟ್ಟಿ ನೋಡು."

ಚಿತ್ತಯ್ಯ ಎರಡೂ ಅಂಚು ಮುಟ್ಟಿ ನೋಡಿದ. ಕಣ್ಣೊರೆಸಿಕೊಂಡು ಎಡದಂಚಿನ ಪಕ್ಕ ಕೂತ.

"ಅವ್ವನ ಗುಂಡಿಗೆ ನೀನೇ ಇಳಿಯಕ್ಕ. ಒಡಲೂ ಬಲದಂಚೂ ನಿಂದು, ಎಡದಂಚು ನಂದು."

"ಸಡ್ಲ ಬಿಡ್ತೀನಿ. ಆಮೇಲೆ ಬೈಬ್ಯಾಡ."

"ಅವ್ವನೇ ಉಳಿಸ್ಕಂಡವ್ಳೆ. ಬೈಯಾಕೆ ನಾನ್ಯಾವೋನು?"

ಈಶ್ವರಮ್ಮ ಸೆರಗು ಸಿಕ್ಕಿಸಿ ಗುಂಡಿಗೆ ಇಳಿದಳು.